ಪ್ರಗತಿಪರ ಕವಯಿತ್ರಿ

ಪ್ರಶಸ್ತಿ, ಸನ್ಮಾನ ಎಲ್ಲ ನನಗೆ ಮುಖ್ಯವಲ್ಲ, ಬರೆಯುವುದೇ ನನಗೆ ದೊಡ್ಡ ಸನ್ಮಾನ ಅಂತ ವೇದಿಕೆ ಮೇಲೆ ನಿಂತು ಹೇಳುವ ಕವಿಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹತ್ತಿರ ಅಂದರೆ ಪಕ್ಕದ ಕುರ್ಚಿಯಿಂದ. ಹಾಗೆ ಹೇಳಿ ಬಂದು ಕೂತವರು ಮೊದಲು ವಿಚಾರಿಸುವುದು ಶಾಲು ಹೊದಿಸುವಾಗ ಫೋಟೊ ಸರಿಯಾಗಿ ಬಂತಾ ಅಂತ. ಬರಲಿಲ್ಲ ಅಂದರೆ ಎದ್ದು ಹೋಗಿ ಇನ್ನೊಂದು ಸಲ ಹೊದಿಸಿಕೊಳ್ಳುತ್ತಾರೆ. ನಾನೂ ಹೊದಿಸಿಕೊಂಡಿದ್ದೇನೆ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಹೇಳಿ? ಒಂದು ಪದ ಸಿಗದೆ ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಒಲೆ ಮುಂದೆ ಅದು ತಟ್ಟನೆ ಹೊಳೆದು, ಆ ಖುಷಿಯಲ್ಲಿ ಹಾಲು ಉಕ್ಕಿಸಿ, ಮನೆಯವರಿಂದೆಲ್ಲ ಬೈಸಿಕೊಂಡ ಮೇಲೆ, ಯಾರೋ ಒಬ್ಬರು 'ಚೆನ್ನಾಗಿದೆ ಕಣ್ರೀ' ಅಂದರೆ ಮನಸ್ಸು ಕುಣಿಯಲೇಬೇಕು. ಕುಣಿಯಲ್ಲ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಇದಕ್ಕೆ ಚರಿತ್ರೆಯ ಬೆಂಬಲವೂ ಇದೆ. ಆದಿಕವಿ ಪಂಪನಿಗೆ ಅರಿಕೇಸರಿ ಕೊಟ್ಟಿದ್ದು ಧರ್ಮವುರ ಅನ್ನುವ ಅಗ್ರಹಾರ. ಶಾಲಲ್ಲ, ಊರು! ಅಷ್ಟಕ್ಕೇ ನಿಲ್ಲಲಿಲ್ಲ. ಪಂಪನ ತಮ್ಮ ಜಿನವಲ್ಲಭ ಅಣ್ಣನಿಗೆ ಸಿಕ್ಕಿದ ಮರ್ಯಾದೆಯನ್ನೆಲ್ಲ ಬಂಡೆ ಮೇಲೆ ಕೆತ್ತಿಸಿದ. ಅದೂ ಸಂಸ್ಕೃತ, ಕನ್ನಡ, ತೆಲುಗು, ಹೀಗೆ ಮೂರು ಭಾಷೆಗಳಲ್ಲಿ. ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಆ ಶಾಸನ ಇವತ್ತಿಗೂ ಇದೆ. ತಮ್ಮ ನನಗೂ ಒಬ್ಬ ಇದ್ದಾನೆ. ಪತ್ರಿಕೆಯಲ್ಲಿ ಬಂದ ನನ್ನ ಕವನವನ್ನು ಒಂದು ದಿನದ ಮಟ್ಟಿಗೆ ಸ್ಟೇಟಸ್ ಹಾಕಿಕೊಳ್ಳೋ ಅಂದರೆ, 'ಬೇಡ ಅಕ್ಕ, ಆಫೀಸಿನವರೆಲ್ಲ ನೋಡ್ತಾರೆ' ಅಂತಾನೆ.

ಅತ್ತಿಮಬ್ಬೆ ಇನ್ನೂ ಒಂದು ಕೈ ಮೇಲೆ. ಪೊನ್ನ ಬರೆದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ತಾಳೆಗರಿಯಲ್ಲಿ, ಒಂದೊಂದನ್ನೂ ಯಾರೋ ಕೂತು ಕೈಯಲ್ಲೇ ಬರೆದು. ಈಗ ಕಂಪ್ಯೂಟರು, ಆಫ್‌ಸೆಟ್ಟು ಎಲ್ಲ ಇದ್ದೂ, ಕವನ ಸಂಕಲನ ಅಂದ ತಕ್ಷಣ ಪ್ರಕಾಶಕರ ಮುಖ ಸಣ್ಣಗಾಗುತ್ತದೆ. 'ಐನೂರು ಸಾಕಲ್ವಾ ಮೇಡಂ?' ಅಂತಾರೆ. ಸಾಕು ಅಂದೆ. ಸಾಕಾಗಿ ಮಿಕ್ಕಿದೆ. ಮಿಕ್ಕಿದ್ದೆಲ್ಲ ನಮ್ಮ ಮಂಚದ ಕೆಳಗೆ ರಟ್ಟಿನ ಡಬ್ಬಗಳಲ್ಲಿದೆ. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ಒಂದೊಂದು ಪುಸ್ತಕ ಕೊಡುವ ಪದ್ಧತಿ ಶುರು ಮಾಡಿದೆ. ಈಚೆಗೆ ಬರುವವರೇ ಕಮ್ಮಿಯಾಗಿದ್ದಾರೆ.

ಹೆಸರು ಬೇಡ ಅಂದವರಲ್ಲಿ ನಾನು ನಂಬುವುದು ಮುದ್ದಣನನ್ನು ಮಾತ್ರ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು, ತಾವೇ ಬರೆದ ಕಾವ್ಯವನ್ನು ಯಾರೋ ಹಳೇ ಕಾಲದ ಕವಿಯದ್ದು ಅಂತ ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿಬಿಟ್ಟರು. ಅವರೂ ಹಳೆಯದೇ ಅಂತ ನಂಬಿ ಅಚ್ಚು ಹಾಕಿದರು. 1901ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದು ವರ್ಷ. ಅವರೇ ಮುದ್ದಣ ಅಂತ ಎಲ್ಲರಿಗೂ ಗೊತ್ತಾಗಿದ್ದು ಆಮೇಲೆ. ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಲ್ಲ, ಬರೆದು, ಅಚ್ಚಾಗಿ, ಅದನ್ನು ಜನ ಹೊಗಳುತ್ತಿರುವಾಗ ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿರೋದಿದೆಯಲ್ಲ, ಅದು ನನ್ನ ಕೈಲಿ ಆಗುವ ಕೆಲಸವಲ್ಲ. ನನ್ನ ಕವನ ಬಂದ ಭಾನುವಾರ ಬೀದಿಯ ಹಾಲಿನವನಿಗೂ ವಿಷಯ ಗೊತ್ತಿರುತ್ತದೆ.

ಭಾನುವಾರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕವನ ಕಳಿಸಿ ತಿಂಗಳುಗಟ್ಟಲೆ ಕಾದು, ಇನ್ನು ಬರಲ್ಲ ಅಂತ ಬೇರೆಲ್ಲಾದರೂ ಕಳಿಸಲು ಕೂತ ಹೊತ್ತಿಗೇ ಅದು ಪುರವಣಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಒಂದು ಸಲ, ನೆಂಟರು ಬಂದ ದಿನವೇ ಗ್ಯಾಸ್ ಸಿಲಿಂಡರ್ ಖಾಲಿಯಾಗುವುದರ ಬಗ್ಗೆ ಒಂದು ಕವನ ಬರೆದಿದ್ದೆ. ಸಿಟ್ಟಿನಲ್ಲಿ ಬರೆದದ್ದು, ಚೆನ್ನಾಗಿಯೇ ಬಂದಿತ್ತು. ಪುರವಣಿ ಬಿಡಿಸಿ ನೋಡಿದರೆ ಕವನದ ಪಕ್ಕ ಕೂದಲು ಬಿಟ್ಟುಕೊಂಡ ಒಬ್ಬ ಹೆಂಗಸು ಕಿಟಕಿ ಹಿಡಿದು ಚಂದ್ರನನ್ನು ನೋಡುತ್ತಿದ್ದಾಳೆ! ಹೆಂಗಸರು ಏನು ಬರೆದರೂ ಈ ಕಿಟಕಿಯ ಹೆಂಗಸು ಬರುವುದು ಗ್ಯಾರಂಟಿ. ಬೆಲೆ ಏರಿಕೆ ಮೇಲೆ ಬರೆಯಿರಿ, ಬಸ್ಸಿನ ರಶ್ಶಿನ ಮೇಲೆ ಬರೆಯಿರಿ, ಅವಳು ಕೂದಲು ಕಟ್ಟುವುದಿಲ್ಲ. ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದರೆ ಸರಿಯಾಗಿಯೇ ಇದೆ ಅನ್ನಿಸಿತು, ಪಾಪ ಅವಳೂ ಸಿಲಿಂಡರ್ ಗಾಡಿ ಬಂತಾ ಅಂತ ನೋಡುತ್ತಿರಬಹುದು.

ಜೊತೆಗೆ ಕೊನೆಯ ಎರಡು ಸಾಲು ಹಾರಿಹೋಗಿತ್ತು. ಕೆಳಗೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಬಂದು ಕೂತಿತ್ತು, ಜಾಗ ಸಾಲದೆ ಹೋಗಿರಬೇಕು. ಅದೇ ದಿನ ಸಂಜೆ ಒಬ್ಬ ಪ್ರೊಫೆಸರ್ ಫೋನ್ ಮಾಡಿದರು. 'ಕೊನೆಯನ್ನು ಹಾಗೆ ಅರ್ಧಕ್ಕೇ ಬಿಟ್ಟು ಓದುಗರ ಕೈಗೆ ಕೊಟ್ಟುಬಿಟ್ಟಿದ್ದೀರಲ್ಲ, ಭಾಳ ಧೈರ್ಯ ಬೇಕು ಅದಕ್ಕೆ' ಅಂದರು. 'ಏನೋ ಸರ್, ಹಾಗೆ ಬಂತು' ಅಂದೆ. ಇನ್ನೇನು ಹೇಳಲಿ? ಮೊಣಕಾಲಿನ ಎಣ್ಣೆಯವರಿಗೆ ಸಲ್ಲಬೇಕಾದ ಹೊಗಳಿಕೆ, ನಾನೇ ಇಟ್ಟುಕೊಂಡೆ. ಪಕ್ಕದ ಬೀದಿಯವರು ಒಬ್ಬರು ಮನೆಗೇ ಬಂದರು. ಕವನ ಓದಿದೆ, ಮನಸ್ಸಿಗೆ ನಾಟಿತು ಅಂದರು. ಕಾಫಿ ಕೊಟ್ಟೆ. ಕುಡಿದು ಮುಗಿಸಿ, 'ನಮ್ಮದೂ ಬುಕ್ ಮಾಡಿ ವಾರವಾಯ್ತು, ನೀವು ಪೇಪರಿನಲ್ಲಿ ಬರೆದ ಮೇಲೆ ನಿಮಗೆ ಬೇಗ ಕೊಟ್ಟರಾ?' ಅಂತ ಕೇಳಿದರು.

ಗೌರವಧನವೂ ಬಂತು. ಮನಿ ಆರ್ಡರ್ ಕಾಲದಲ್ಲಿ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು, ಇಂಥ ಪತ್ರಿಕೆಯಿಂದ ದುಡ್ಡು ಬಂದಿದೆ ಅಂತ ನಾಲ್ಕು ಮನೆಗೆ ಕೇಳುವ ಹಾಗೆ ಕೂಗಿ, ಸಹಿ ಹಾಕಿಸಿಕೊಂಡು, ನೋಟು ಎಣಿಸಿ ಕೊಡುತ್ತಿದ್ದರು. ಕವಿಯ ಮಾನ ಬೀದಿಯಲ್ಲಿ ಉಳಿಯುತ್ತಿದ್ದದ್ದೇ ಅದರಿಂದ. ಈಗ ಸದ್ದಿಲ್ಲದೆ ಬ್ಯಾಂಕಿಗೆ ಬಂದು ಬೀಳುತ್ತದೆ, ಫೋನು ಒಂದು ಸಲ ಟಿಣ್ ಅನ್ನುತ್ತದೆ. ಮೆಸೇಜು ನೋಡಿದ ನನ್ನ ಗಂಡ ಕೂಗಿ ಹೇಳಿದರು, 'ಏ, ಗ್ಯಾಸ್ ಸಬ್ಸಿಡಿ ಬಂದಿದೆ ನೋಡೇ!'

ನಮ್ಮತ್ತೆಗೆ ಇಂಥ ಚಿಲ್ಲರೆ ವಿಷಯಗಳಲ್ಲಿ ಆಸಕ್ತಿ ಇಲ್ಲ. ಅವರ ಕಣ್ಣು ನೇರವಾಗಿ ಜ್ಞಾನಪೀಠದ ಮೇಲೆ. ಸರ್ವೀಸು ಜಾಸ್ತಿಯಾದ ಹಾಗೆ ಬಡ್ತಿ ಬರುತ್ತಲ್ಲ, ಅದೂ ಹಾಗೇ ಅಂತ ಅವರು ತಿಳಿದಿದ್ದಾರೆ. 'ನೀನು ಬರೆಯೋಕೆ ಶುರು ಮಾಡಿ ಇಷ್ಟು ವರ್ಷ ಆಯ್ತು, ಇನ್ನೂ ಬರಲಿಲ್ವಲ್ಲೇ?' ಅಂತ ಕೇಳಿದರು ಒಂದು ದಿನ. ಕನ್ನಡಕ್ಕೆ ಬಂದಿರುವುದು ಎಂಟೇ ಅಂತ ಬಿಡಿಸಿ ಹೇಳಿದೆ. 1967ರ ಕುವೆಂಪು, 1973ರ ಬೇಂದ್ರೆ, ಆಮೇಲೆ ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, 2010ರ ಕಂಬಾರ. ಬೆರಳು ಮಡಿಸುತ್ತಾ ಕೇಳಿಸಿಕೊಂಡರು. 'ಒಬ್ಬಳೂ ಹೆಂಗಸಿಲ್ಲ?' ಅಂದರು. ಇಲ್ಲ ಅಂದೆ. 'ಸರಿ ಮತ್ತೆ, ಇನ್ನು ಹೆಂಗಸರ ಸರದಿ. ನಿನಗೇ ಚಾನ್ಸು ಜಾಸ್ತಿ.' 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅವತ್ತಿನಿಂದ ನಮ್ಮತ್ತೆಯ ಲೆಕ್ಕಾಚಾರಕ್ಕೆ ಇನ್ನೂ ಬಲ ಬಂದಿದೆ. ಟೀವಿಯಲ್ಲಿ ಅವರನ್ನು ನೋಡಿದಾಗಲೆಲ್ಲ ನನ್ನ ಕಡೆ ತಿರುಗಿ, 'ನೋಡು, ಅವರು ಟೈಮ್ ವೇಸ್ಟ್ ಮಾಡಲ್ಲ' ಅಂತಾರೆ. ಇಡೀ ಕರ್ನಾಟಕದಲ್ಲಿ ನನ್ನ ಮೇಲೆ ಇಷ್ಟು ಭರವಸೆ ಇಟ್ಟಿರುವವರು ಅವರೊಬ್ಬರೇ. ನನ್ನ ಒಂದು ಕವನವನ್ನೂ ಅವರು ಓದಿಲ್ಲ, ಅದಕ್ಕೇ ಇರಬೇಕು.

ಇನ್ನು ಕವಿಗೋಷ್ಠಿ. ಆಮಂತ್ರಣದಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂತ ಇರುತ್ತದೆ. ಹತ್ತಕ್ಕೆ ಹೋದರೆ ಶಾಮಿಯಾನದವರು ಸಿಗುತ್ತಾರೆ. ಹನ್ನೊಂದೂವರೆಗೆ ನಾಡಗೀತೆ, ಆಮೇಲೆ ಸ್ವಾಗತ, ಪ್ರಾಸ್ತಾವಿಕ, ದೀಪ ಹಚ್ಚುವುದು (ಗಾಳಿಗೆ ಆರುವುದು, ಮತ್ತೆ ಹಚ್ಚುವುದು), ಆಶಯ ನುಡಿ, ಉದ್ಘಾಟನಾ ನುಡಿ, ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಊಟದ ಸಮಯ. ಆಗ ನಿರೂಪಕರು ಗಡಿಯಾರ ನೋಡಿಕೊಂಡು, 'ಕವಿಗಳು ದಯವಿಟ್ಟು ಮೂರು ನಿಮಿಷಕ್ಕೆ ಮೀರಬಾರದು' ಅಂತಾರೆ. ಮುಕ್ಕಾಲು ಗಂಟೆ ಆಶಯ ನುಡಿ ಆಡಿದವರಿಗೆ ಯಾರೂ ಏನೂ ಅನ್ನಲಿಲ್ಲ. ಕವಿಗಳೇ ಸದರ.

ಮೂರು ನಿಮಿಷ ಮೀರಿದರೆ ಚೀಟಿ ಬರುತ್ತದೆ. ನಾಲ್ಕಾಗಿ ಮಡಿಸಿದ ಒಂದು ತುಂಡು ಕಾಗದ, ವಾಲಂಟಿಯರ್ ಹುಡುಗ ತಲೆ ತಗ್ಗಿಸಿಕೊಂಡು ಬಂದು ಮೈಕಿನ ಸ್ಟ್ಯಾಂಡಿನ ಮೇಲೆ ಇಟ್ಟು ಹೋಗುತ್ತಾನೆ. ಒಂದು ಕಡೆ ಹಿರಿಯ ಕವಿಯೊಬ್ಬರು ಸಾವಿನ ಬಗ್ಗೆ ನೀಳ್ಗವಿತೆ ಓದುತ್ತಿದ್ದರು. ಪುಟ ತಿರುಗಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಹುಡುಗ ಚೀಟಿ ಬಿಡಿಸಿ ಅವರ ಹಾಳೆಯ ಮೇಲೇ ಇಟ್ಟ. ಅವರು ಅದೇ ಧಾಟಿಯಲ್ಲಿ, ಅದೇ ನಡುಗುವ ದನಿಯಲ್ಲಿ, 'ನಿಮ್ಮ ಸಮಯ ಮುಗಿದಿದೆ...' ಅಂತ ಓದಿ, ತಡೆದು ನಿಂತರು. ಸಭೆ ಒಂದು ಕ್ಷಣ ಸ್ತಬ್ಧ. ಆಮೇಲೆ ಏನು ಚಪ್ಪಾಳೆ ಅಂತೀರಿ! ಅಧ್ಯಕ್ಷರು ತಮ್ಮ ಭಾಷಣದಲ್ಲಿ ಆ ಸಾಲನ್ನು ಎರಡು ಸಲ ಉದ್ಧರಿಸಿದರು. ಈಗ ಆ ಕವಿ ಎಲ್ಲೇ ಓದಿದರೂ ಕವನ ಅಲ್ಲಿಗೇ ಮುಗಿಸುತ್ತಾರೆ. ಮೊದಲಿಗಿಂತ ಎಷ್ಟೋ ಚೆನ್ನಾಗಿದೆ, ಸುಳ್ಳು ಹೇಳಬಾರದು.

ನನಗೆ ಅಂಥ ಅದೃಷ್ಟ ಇಲ್ಲ. ನಾನು ಓದುವಾಗ, ಬಿಸಿಬೇಳೆಬಾತಿನ ವಾಸನೆ ಸಭೆಯೊಳಗೆ ಬಂದು ಅರ್ಧ ಜನ ಕತ್ತು ಹಿಂದಕ್ಕೆ ತಿರುಗಿಸಿ ಕೂತಿರುವಾಗ, ಇನ್ನೊಂದು ಮೈಕಿನಿಂದ 'ಗೇಟಿನ ಹತ್ತಿರ ನಿಲ್ಲಿಸಿರುವ ಬಿಳಿ ಕಾರನ್ನು ದಯವಿಟ್ಟು ತೆಗೆಯಬೇಕು' ಅಂತ ಪ್ರಕಟಣೆ ಬರುತ್ತದೆ. ನಾಲ್ಕು ಜನ ಎದ್ದು ಹೋಗುತ್ತಾರೆ. ಕಾರು ಒಂದೇ.

ಸನ್ಮಾನದ ಸಾಮಾನುಗಳಿಗೂ ಅವುಗಳದ್ದೇ ಒಂದು ಬದುಕಿದೆ. ಹಣ್ಣಿನ ಬುಟ್ಟಿ ನೋಡಿ. ಮೇಲೆ ಬಣ್ಣದ ಜಿಲೇಟಿನ್ ಪೇಪರು, ರಿಬ್ಬನ್ನಿನ ಹೂವು, ಅದರೊಳಗೆ ನಾಲ್ಕು ಸೇಬು, ಎರಡು ಮೂಸಂಬಿ, ಒಂದು ದಾಳಿಂಬೆ. ಅದರ ಕೆಳಗೆ ಕೈ ಹಾಕಿದರೆ ಬರೀ ಮುದುರಿದ ಪೇಪರು. ಒಂದು ಸಲ ಆ ಪೇಪರನ್ನು ಬಿಡಿಸಿ ನೋಡಿದರೆ ಭಾನುವಾರದ ಪುರವಣಿ. ವೇದಿಕೆಯಲ್ಲಿ ನನ್ನ ಪಕ್ಕ ಕೂತಿದ್ದರಲ್ಲ, ಅವರ ಕವನ. ಚೆನ್ನಾಗಿತ್ತು ಕೂಡ. ಫೋನ್ ಮಾಡಿ ಹೇಳೋಣ ಅಂದುಕೊಂಡೆ, ಎಲ್ಲಿ ಓದಿದಿರಿ ಅಂತ ಕೇಳಿದರೆ ಕಷ್ಟ ಅಂತ ಸುಮ್ಮನಾದೆ. ಅವರ ಬುಟ್ಟಿಯಲ್ಲಿ ಯಾರ ಕವನ ಇತ್ತೋ ಅನ್ನುವ ಯೋಚನೆ ಮಾತ್ರ ಇನ್ನೂ ಹೋಗಿಲ್ಲ.

ಶಾಲುಗಳಂತೂ ಊರೆಲ್ಲ ಸುತ್ತುತ್ತವೆ. ನಮ್ಮತ್ತೆ ನನ್ನ ಶಾಲುಗಳನ್ನು ಬೀರುವಿನಲ್ಲಿ ಜೋಡಿಸಿಟ್ಟು, ಮನೆಗೆ ಬರುವ ಹಿರಿಯರಿಗೆ ಒಂದೊಂದು ಹೊದಿಸಿ ಕಳಿಸುತ್ತಾರೆ. ಹೊದ್ದವರು ಅವರ ಬೀಗರಿಗೆ, ಬೀಗರು ಇನ್ಯಾರಿಗೋ. ಒಂದು ಕೇಸರಿ ಶಾಲಿನ ಅಂಚು ಬಿಟ್ಟುಹೋಗಿ ಅತ್ತೆ ಅದನ್ನು ಹಸಿರು ದಾರದಲ್ಲಿ ಹೊಲಿದಿದ್ದರು, ಕೇಸರಿ ದಾರ ಸಿಗಲಿಲ್ಲ ಅಂತ. ಎರಡು ವರ್ಷ ಬಿಟ್ಟು ಪಕ್ಕದ ಜಿಲ್ಲೆಯ ಒಂದು ಸಮಾರಂಭದಲ್ಲಿ ಮುಖ್ಯ ಅತಿಥಿಗಳು ನನಗೆ ಶಾಲು ಹೊದಿಸಿದರು. ಜರಿ ಚುಚ್ಚುತ್ತಿದೆಯಲ್ಲ ಅಂತ ಅಂಚು ನೋಡಿಕೊಂಡೆ. ಹಸಿರು ದಾರ!

ಆದರೆ ಎಲ್ಲಕ್ಕಿಂತ ದೊಡ್ಡ ಸನ್ಮಾನ ನಡೆದದ್ದು ನಮ್ಮ ಹತ್ತಿರದ ಒಂದು ಊರಿನ ಉತ್ಸವದಲ್ಲಿ. 'ಸಾಧಕರಿಗೆ ಸನ್ಮಾನ' ಅಂತ ಕಾರ್ಯಕ್ರಮ. ವೇದಿಕೆ ಮೇಲೆ ಒಂದು ಸಾಲಿನಲ್ಲಿ ನಮ್ಮನ್ನು ಕೂರಿಸಿದ್ದರು. ಅಪಘಾತ ಮಾಡದ ಬಸ್ ಡ್ರೈವರ್, ಒಬ್ಬರು ಸೂಲಗಿತ್ತಿ ಅಜ್ಜಿ, ರೇಷ್ಮೆ ಮತ್ತು ರಾಗಿ ಬೆಳೆಯುವ ಒಬ್ಬ ಪ್ರಗತಿಪರ ರೈತರು, ಕೊನೆಗೆ ನಾನು. ಶಾಲು, ಹಾರ, ಬುಟ್ಟಿ, ಪೇಟ, ಎಲ್ಲ ಆಯಿತು. ಮಿನುಗುವ ಕಾಗದ ಸುತ್ತಿದ ಸ್ಮರಣಿಕೆಯನ್ನು ಕೈಗೆ ಕೊಟ್ಟರು. ಮನೆಗೆ ಬಂದು, ಎಲ್ಲರನ್ನೂ ಹಾಲಿಗೆ ಕರೆದು ಕೂರಿಸಿ, ಕಾಗದ ಬಿಚ್ಚಿ, ಗಟ್ಟಿಯಾಗಿ ಓದಿದೆ. 'ಕೃಷಿ ಕ್ಷೇತ್ರದಲ್ಲಿ ತಾವು ಸಲ್ಲಿಸಿರುವ ಅಮೋಘ ಸೇವೆಯನ್ನು ಗುರುತಿಸಿ...' ಕೆಳಗೆ ಎರಡು ಎತ್ತು, ಒಂದು ನೇಗಿಲು. ಹೆಸರಿನ ಜಾಗದಲ್ಲಿ 'ಶ್ರೀ/ಶ್ರೀಮತಿ' ಅಂತ ಇದ್ದು ಮುಂದೆ ಚುಕ್ಕಿಗಳು. ನನ್ನ ಗಂಡ ಎದ್ದು ಬಾಲ್ಕನಿಗೆ ಹೋಗಿ ನಮ್ಮ ತುಳಸಿ ಕುಂಡವನ್ನೇ ನೋಡುತ್ತಾ ನಿಂತರು. ಅದರಲ್ಲಿ ಒಣಗಿದ ಕಡ್ಡಿ ಮಾತ್ರ ಇತ್ತು. ಒಣಗಿಸಿದವರು ಯಾರು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮಾರನೇ ದಿನ ನಂಬರು ಹುಡುಕಿ ಆ ರೈತರಿಗೆ ಫೋನ್ ಮಾಡಿದೆ. 'ಯಜಮಾನ್ರೇ, ನಮ್ಮಿಬ್ಬರದು ಅದಲುಬದಲಾಗಿದೆ' ಅಂದೆ.

'ಊಂ ಕಣ್ ತಾಯಿ, ನಮ್ ಮೊಮ್ಮಗಳು ಓದಿ ಯೋಳುದ್ಲು. ಸಾಹಿತ್ಯ ಅಂತ ಐತಂತೆ. ಊರೋರೆಲ್ಲ ಬಂದು ನೋಡ್ಕಂಡ್ ಹೋದ್ರು. ಈಗ ವಾಪಸ್ ಕೊಟ್ರೆ ಚೆಂದಾಗಿರಕಿಲ್ಲ.' ಸ್ವಲ್ಪ ತಡೆದು, 'ಬೆಳೆ ಬೆಳಿತೀನಿ ಅನ್ನಾದು ಎಲ್ರಿಗೂ ಗೊತ್ತಲ್ಲ, ಇದೊಂದು ಹೊಸದು' ಅಂದರು.

ಅವರ ದನಿಯಲ್ಲಿದ್ದ ಖುಷಿ ನನಗೆ ಚೆನ್ನಾಗಿ ಗೊತ್ತಿರುವ ಖುಷಿ. ಅದನ್ನು ವಾಪಸ್ ಕೇಳುವುದು ಹೇಗೆ? ಇರಲಿ ಬಿಡಿ ಅಂದೆ.

ಅವತ್ತಿನಿಂದ ನಮ್ಮ ಶೋಕೇಸಿನಲ್ಲಿ ಎತ್ತು ನೇಗಿಲು ನಿಂತಿವೆ. ಬಂದವರು ಅದನ್ನು ನೋಡಿ, ಅಯ್ಯೋ ನೀವು ಕೃಷಿನೂ ಮಾಡ್ತೀರಾ, ನಮ್ಮ ದಾಸವಾಳಕ್ಕೆ ಬಿಳೀ ಹಿಟ್ಟಿನ ಥರ ಏನೋ ಹತ್ತಿಕೊಂಡಿದೆ, ಏನು ಮಾಡೋದು ಅಂತ ಕೇಳುತ್ತಾರೆ. ಒಂದು ನಿಮಿಷ ಅಂತ ಒಳಗೆ ಹೋಗಿ ಯಜಮಾನರಿಗೆ ಫೋನ್ ಮಾಡಿ, ಹೊರಗೆ ಬಂದು, 'ಬೇವಿನೆಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಿಂಪಡಿಸಿ' ಅಂತೀನಿ. ಕವನಕ್ಕೆ ಯಾವತ್ತೂ ಸಿಗದಷ್ಟು ಮರ್ಯಾದೆ ಈ ಬೇವಿನೆಣ್ಣೆಯಿಂದ ಸಿಕ್ಕಿದೆ. ಪುಸ್ತಕ ಕೊಟ್ಟರೂ ಈಗ ಬೇಡ ಅನ್ನಲ್ಲ.

ಅವರೂ ನನಗೆ ಫೋನ್ ಮಾಡುತ್ತಾರೆ. ಟೀ ಅಂಗಡಿಯಲ್ಲಿ ಯಾರೋ ಅವರನ್ನು, ನವ್ಯ ಕಾವ್ಯ ಅಂದರೇನು ಅಂತ ಕೇಳಿದರಂತೆ. ನಾನು ಅಡಿಗರಿಂದ ಶುರು ಮಾಡಿ, ಪ್ರತಿಮೆ, ಸಂಕೇತ, ಒಂಟಿತನ ಅಂತ ಕುಕ್ಕರ್ ಮೂರು ವಿಶಲ್ ಕೂಗುವವರೆಗೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, 'ಅಂದ್ರೆ ಬೇಗ ಅರ್ಥ ಆಗಾಕಿಲ್ಲ ಅನ್ನಿ' ಅಂದರು. ಇದಕ್ಕಿಂತ ಚಿಕ್ಕದಾಗಿ ಯಾವ ವಿಮರ್ಶಕರೂ ಹೇಳಿದ್ದು ನಾನು ಓದಿಲ್ಲ.

ನವೆಂಬರ್ ಬಂತು. ರಾಜ್ಯೋತ್ಸವದ ಕವಿಗೋಷ್ಠಿಗೆ ಅವರ ಕಡೆಯ ಸಂಘದವರು, ಮನೆಯಲ್ಲಿ ಸಾಹಿತ್ಯದ ಸ್ಮರಣಿಕೆ ಇದೆಯಲ್ಲ ಅಂತ, ಅವರನ್ನೂ ಕರೆದರು. ನನ್ನನ್ನೂ ಕರೆದಿದ್ದರು. ನಾನು ಮೊದಲು ಓದಿದೆ. ಮೂರನೇ ನಿಮಿಷಕ್ಕೆ ಚೀಟಿ ಬಂತು, ಅವಸರದಲ್ಲಿ ಮುಗಿಸಿ ಬಂದು ಕೂತೆ. ಚಪ್ಪಾಳೆ ಬಿತ್ತು, ಬರಬೇಕಾದಷ್ಟೇ. ಆಮೇಲೆ ಇವರು ಎದ್ದರು. ಕೈಯಲ್ಲಿ ಕಾಗದ ಇಲ್ಲ. ಟವೆಲ್ ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಅವರವ್ವ ರಾಗಿ ಬೀಸುವಾಗ ಹೇಳುತ್ತಿದ್ದ ಪದ ಹಾಡಿದರು. ತವರಿನಿಂದ ಅಣ್ಣ ಬರುವ ದಾರಿ, ಆ ದಾರಿಯಲ್ಲಿ ಬಿದ್ದ ಮಳೆ, ಅಷ್ಟೇ ವಿಷಯ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ದನಿಗೂಡಿಸಿದರು. ಬಿಸಿಬೇಳೆಬಾತಿನ ವಾಸನೆ ಬಂದರೂ ಒಬ್ಬರೂ ಕತ್ತು ತಿರುಗಿಸಲಿಲ್ಲ. ಚೀಟಿ ಹಿಡಿದ ಹುಡುಗ ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಮುಗಿದ ಮೇಲೆ ಒನ್ಸ್ ಮೋರ್ ಅಂತ ಕೂಗು, ಕವಿಗೋಷ್ಠಿಯಲ್ಲಿ! ನಿರೂಪಕಿ ಮೈಕ್ ಹಿಡಿದು, 'ಇಷ್ಟು ಚೆನ್ನಾಗಿರೋದನ್ನ ಬರೆದವರು ನೀವೇನಾ?' ಅಂತ ಕೇಳಿದರು.

'ನಾನೆಲ್ಲಿ ಬರೆಯಾದು? ಯಾರ್ ಕಟ್ಟುದ್ರೋ ಏನೋ. ನಮ್ಮವ್ವ ಯೋಳ್ತಿದ್ಲು, ಅವಳಿಗೆ ಅವರವ್ವ.'

ಅದಕ್ಕೂ ಚಪ್ಪಾಳೆ. ಹೊಟ್ಟೆಕಿಚ್ಚು ಆಯಿತಾ ಅಂತ ಕೇಳಿದರೆ, ಆಯಿತು. ಚೆನ್ನಾಗಿಯೇ ಆಯಿತು. ಊಟಕ್ಕೆ ಕೂತಾಗ ಅವರ ಸುತ್ತ ಜನ, ನನ್ನ ಪಕ್ಕ ಉಪ್ಪಿನಕಾಯಿ ಬಡಿಸುವವನು. ಆದರೆ ಅವರು ಎಲೆ ಮುಂದಿನಿಂದಲೇ ಎಲ್ಲರಿಗೂ ನನ್ನನ್ನು ತೋರಿಸಿ, 'ಆಯಮ್ಮನೇ ನನ್ ಗುರು' ಅಂತ ಹೇಳುತ್ತಿದ್ದರು. ಎರಡು ಮೂರು ಜನ ಎದ್ದು ಬಂದು ನನಗೆ ನಮಸ್ಕಾರ ಮಾಡಿದರು. ನಾನೂ ಗಂಭೀರವಾಗಿ ಕೈ ಎತ್ತಿದೆ.

ಮೊನ್ನೆ ಮತ್ತೆ ಫೋನ್ ಬಂತು. 'ತಾಯಿ, ಇನ್ನೊಂದ್ ಕಡೆಯಿಂದ ಕರ್ದವ್ರೆ. ದೂರ ಐತೆ. ಬಸ್ ಚಾರ್ಜ್ ಕೊಡ್ತಾರಾ, ಇಲ್ಲ ಬರೀ ಶಾಲಾ?'

'ಬರೀ ಶಾಲೇ ಯಜಮಾನ್ರೇ.'

'ಶಾಲು ಬೇಕಾದಷ್ಟವೆ. ಬಸ್ ಚಾರ್ಜ್ ಕೊಟ್ರೆ ಬತ್ತೀನಿ ಅಂತ ಕೇಳೇಬುಡನಾ ಅಂತಿವ್ನಿ.'

'ಕೇಳಿ, ಕೇಳಿ' ಅಂದೆ. 'ಕೊಟ್ಟರೆ, ಹೆಂಗೆ ಕೇಳಿದ್ರಿ ಅಂತ ನನಗೂ ಸ್ವಲ್ಪ ಹೇಳಿಕೊಡಿ.'